ವಸಂತದಲ್ಲಿ ವಾಲೈ ಮೀನಿಗೆ ಗಾಳ ಹಾಕುವ ಬಗೆ

ಉತ್ತರ ಅಮೆರಿಕದ ಸರೋವರಗಳ ಮೇಲೆ ಕಟ್ಟಿದ ಹಿಮಗಡ್ಡೆ ಕರಗಿ ನೀರು ಬಯಲಾದ ಮೊದಲ ವಾರಗಳಲ್ಲಿ ವಾಲೈ ಹಿಡಿಯಲು ಹೊರಡುವ ಹೊಸಬರು ಎಲ್ಲಕ್ಕಿಂತ ಮೊದಲು ಕೇಳುವುದು, ಯಾವ ಬಣ್ಣದ ಎರೆ ಹಾಕಬೇಕು ಎಂದು. ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ನೀರು ಎಷ್ಟು ತಣ್ಣಗಿದೆ, ಅಷ್ಟು ತಣ್ಣಗಿರುವಾಗ ಮೀನು ಎಲ್ಲಿ ನಿಂತಿರುತ್ತದೆ, ಅದರ ಮೂತಿಯ ಮುಂದೆ ಎರೆಯನ್ನು ಎಷ್ಟು ನಿಧಾನವಾಗಿ ಹಾಯಿಸಬೇಕು ಎಂಬುದು ಗೊತ್ತಾದ ಮೇಲೆ ಬಣ್ಣದ ಮಾತು ಬರುತ್ತದೆ. ನನ್ನ ಗಾಳದ ಪೆಟ್ಟಿಗೆಯಲ್ಲಿ ಹತ್ತಾರು ಬಗೆಯ ಕೃತಕ ಎರೆಗಳಿದ್ದರೂ ವಸಂತದಲ್ಲಿ ಮೊದಲು ಕೈಗೆ ಬರುವುದು ದಾರ ಕಟ್ಟಿದ ಒಂದು ಸಾಧಾರಣ ಥರ್ಮಾಮೀಟರ್.

ವಾಲೈ ಎಂಬ ಹೆಸರು ಈ ಮೀನಿಗೆ ಬಂದದ್ದು ಅದರ ಕಣ್ಣಿನಿಂದ. ಅಕ್ಷಿಪಟಲದ ಹಿಂದೆ ಬೆಳಕನ್ನು ಮರಳಿಸುವ ಒಂದು ಪದರವಿದ್ದು, ರಾತ್ರಿ ಟಾರ್ಚಿನ ಬೆಳಕು ಬಿದ್ದರೆ ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ಹಗಲಿನಲ್ಲಿ ಅದೇ ಕಣ್ಣು ಹಾಲು ಕಟ್ಟಿದಂತೆ ಮಬ್ಬಾಗಿ ಕಾಣುತ್ತದೆ. ಕೆನಡಾದ ಹಲವೆಡೆ ಇದನ್ನು ಪಿಕರಲ್ ಎನ್ನುತ್ತಾರೆ. ಆ ಹೆಸರು ಪೈಕ್ ಜಾತಿಯ ಮೀನಿಗೂ ಇದೆ. ಆದರೆ ಇದು ಪರ್ಚ್ ಕುಟುಂಬದ ಮೀನು, ಪೈಕ್ ಜಾತಿಗೂ ಇದಕ್ಕೂ ನಂಟಿಲ್ಲ. ಮಿನ್ನೆಸೋಟ ರಾಜ್ಯ 1965ರಲ್ಲಿ ಇದನ್ನು ತನ್ನ ರಾಜ್ಯ ಮೀನೆಂದು ಘೋಷಿಸಿತು. ಗಾಳ ಹಾಕುವವರಿಗೆ ಈ ಕಣ್ಣಿನ ವಿಚಾರ ಬಹಳ ಮುಖ್ಯ. ಮಬ್ಬು ಬೆಳಕಿನಲ್ಲಿ ವಾಲೈಗೆ ಚೆನ್ನಾಗಿ ಕಾಣುತ್ತದೆ, ಅದು ತಿನ್ನುವ ಸಣ್ಣ ಮೀನುಗಳಿಗೆ ಅಷ್ಟು ಕಾಣುವುದಿಲ್ಲ. ಆದ್ದರಿಂದಲೇ ನಸುಕು, ಮುಸ್ಸಂಜೆ, ಮೋಡ ಕವಿದ ದಿನ, ಗಾಳಿಗೆ ಅಲೆ ಎದ್ದು ದಡದ ನೀರು ಕದಡಿದ ಹೊತ್ತು, ಇವೆಲ್ಲ ಅದರ ಬೇಟೆಯ ಹೊತ್ತುಗಳು. ನೀರು ಕನ್ನಡಿಯಂತೆ ನಿಂತು ಬಿಸಿಲು ನೆಟ್ಟಗೆ ಬೀಳುವ ನಡುಹಗಲು ದೋಣಿಯಲ್ಲಿ ಕೂರಲು ಹಿತವಾಗಿರಬಹುದು, ಗಾಳಕ್ಕೆ ಹಿತವಲ್ಲ.

ನೀರಿನ ತಾಪಮಾನ ಹೇಳುವುದೇನು

ಹಿಮ ಕರಗುವ ಹೊತ್ತಿಗೇ ಗಂಡು ವಾಲೈಗಳು ಮೊಟ್ಟೆಯಿಡುವ ಜಾಗಗಳತ್ತ ಸರಿಯತೊಡಗುತ್ತವೆ. ನೀರು 42ರಿಂದ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 6ರಿಂದ 10 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೊಟ್ಟೆಯಿಡುವ ಕೆಲಸ ಜೋರಾಗಿ ನಡೆಯುತ್ತದೆ. ಅದು ನಡೆಯುವುದು ಹೆಚ್ಚಾಗಿ ರಾತ್ರಿ, ಒಂದರಿಂದ ಆರು ಅಡಿ ಆಳದ ನೀರಿನಲ್ಲಿ, ಜಲ್ಲಿಯೋ ಉರುಟು ಕಲ್ಲೋ ಹಾಸಿದ ತಳದ ಮೇಲೆ. ಸರೋವರದಲ್ಲಾದರೆ ಅಲೆ ಬಡಿಯುವ ಕಲ್ಲುದಡ, ನೀರಿನಡಿಯ ಕಲ್ಲುದಿಬ್ಬ, ಹಳ್ಳ ಬಂದು ಸೇರುವ ಬಾಯಿ; ನದಿಯಲ್ಲಾದರೆ ಅಣೆಕಟ್ಟಿನ ಕೆಳಗಿನ ಹರಿವು. ವಾಲೈ ಗೂಡು ಕಟ್ಟುವುದಿಲ್ಲ, ಮೊಟ್ಟೆ ಕಾಯುವುದೂ ಇಲ್ಲ. ಕಲ್ಲುಗಳ ಸಂದಿಯಲ್ಲಿ ಚೆಲ್ಲಿದ ಮೊಟ್ಟೆಗಳು, ನೀರಿನ ಬಿಸುಪನ್ನು ಅವಲಂಬಿಸಿ, ಎರಡು ಮೂರು ವಾರಗಳಲ್ಲಿ ತಾವಾಗಿಯೇ ಮರಿಯಾಗುತ್ತವೆ.

ಇದರಿಂದ ನಮಗೆ ಸಿಗುವ ಲೆಕ್ಕ ಹೀಗಿದೆ. ನೀರು 42 ಡಿಗ್ರಿಗಿಂತ (ಇಲ್ಲಿಂದ ಮುಂದೆ ಹೇಳುವ ಡಿಗ್ರಿಗಳೆಲ್ಲ ಫ್ಯಾರನ್‌ಹೀಟ್) ಕಡಿಮೆ ಇದ್ದರೆ ಮೀನು ಮೊಟ್ಟೆಯಿಡುವ ಜಾಗದ ಪಕ್ಕದ ಆಳದಲ್ಲಿ ಗುಂಪುಗೂಡಿ ಕಾಯುತ್ತಿರುತ್ತದೆ, ಅಲ್ಲಿಯೇ ಗಾಳ ಇಳಿಸಬೇಕು. 42 ದಾಟಿದರೆ ಗಂಡುಗಳು ಆಳವಿಲ್ಲದ ಜಾಗದಲ್ಲಿ ದಿನಗಟ್ಟಲೆ ಬೀಡುಬಿಟ್ಟಿರುತ್ತವೆ. ಹೆಣ್ಣು ಬಂದು ಹೆಚ್ಚಾಗಿ ಒಂದೇ ರಾತ್ರಿಯಲ್ಲಿ ಮೊಟ್ಟೆ ಚೆಲ್ಲಿ ಆಳಕ್ಕೆ ಮರಳುತ್ತದೆ, ಬಳಿಕ ಕೆಲವು ದಿನ ಎರೆಯತ್ತ ತಿರುಗಿಯೂ ನೋಡುವುದಿಲ್ಲ. ಈ ದಿನಗಳಲ್ಲಿ ಒಂದೇ ಅಳತೆಯ ಚಿಕ್ಕ ಮೀನುಗಳೇ ಸಾಲಾಗಿ ಸಿಗುತ್ತಿದ್ದರೆ ಅವು ಗಂಡುಗಳೆಂದು ತಿಳಿಯಬಹುದು. 50 ದಾಟಿದ ಮೇಲೆ ಹಸಿದ ಹೆಣ್ಣುಗಳು ಮತ್ತೆ ತಿನ್ನಲು ಶುರು ಮಾಡುತ್ತವೆ. ವಸಂತದ ದೊಡ್ಡ ಮೀನು ಹೆಚ್ಚಾಗಿ ಸಿಗುವುದು ಆಗ.

ಒಂದೇ ಸರೋವರದಲ್ಲೂ ತಾಪಮಾನ ಎಲ್ಲ ಕಡೆ ಒಂದೇ ಇರುವುದಿಲ್ಲ. ಉತ್ತರ ದಂಡೆಯ ಕೊಲ್ಲಿಗಳಿಗೆ ಬಿಸಿಲು ಹೆಚ್ಚು ಬೀಳುತ್ತದೆ. ಕಪ್ಪು ಕೆಸರಿನ ತಳ ಬೇಗ ಬಿಸಿಯಾಗುತ್ತದೆ. ಎರಡು ಮೂರು ದಿನ ಒಂದೇ ದಿಕ್ಕಿನಿಂದ ಬೀಸಿದ ಗಾಳಿ ಮೇಲ್ಪದರದ ಬೆಚ್ಚನೆಯ ನೀರನ್ನು ಎದುರು ದಡಕ್ಕೆ ತಳ್ಳಿ ಕೂಡಿಹಾಕುತ್ತದೆ. ಎರಡು ಡಿಗ್ರಿ ವ್ಯತ್ಯಾಸ ನಮ್ಮ ಕೈಗೆ ಗೊತ್ತಾಗುವುದಿಲ್ಲ, ಆದರೆ ಸಣ್ಣ ಮೀನುಗಳು ಆ ಕಡೆಗೆ ಹೋಗುತ್ತವೆ, ಅವುಗಳ ಬೆನ್ನಿಗೆ ವಾಲೈ ಹೋಗುತ್ತದೆ. ಗಾಳಿ ಬಡಿಯುವ ದಡದಲ್ಲಿ ದೋಣಿ ನಿಲ್ಲಿಸುವುದು ಕಷ್ಟವೆಂದು ಮರೆಯ ದಡ ಹುಡುಕಿಕೊಂಡು ಹೋಗುವವರು ಮೀನನ್ನು ಬೆನ್ನ ಹಿಂದೆ ಬಿಟ್ಟು ಹೋಗುತ್ತಾರೆ.

ಎಲ್ಲಿ ಯಾವಾಗ ಹಿಡಿಯಬಹುದು ಎಂಬುದನ್ನು ಕಾನೂನೇ ಗೊತ್ತುಮಾಡುತ್ತದೆ. ಮಿನ್ನೆಸೋಟದ ಒಳನಾಡಿನ ಸರೋವರಗಳಲ್ಲಿ ಫೆಬ್ರವರಿ ಕೊನೆಯಲ್ಲಿ ಮುಚ್ಚಿದ ವಾಲೈ ಋತು ಮೇ ನಡುವಿನಲ್ಲಿ ತೆರೆಯುತ್ತದೆ. ಅಷ್ಟರಲ್ಲಿ ಬಹುಪಾಲು ಮೀನು ಮೊಟ್ಟೆಯಿಟ್ಟು ಮುಗಿಸಿರುತ್ತದೆ. ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್ ನಡುವೆ ಹರಿಯುವ ಮಿಸಿಸಿಪಿಯಲ್ಲಿ ವರ್ಷವಿಡೀ ಹಿಡಿಯಬಹುದಾದ್ದರಿಂದ ಮಾರ್ಚ್, ಏಪ್ರಿಲ್‌ನಲ್ಲಿ ರೆಡ್ ವಿಂಗ್ ಪಟ್ಟಣದ ಆಸುಪಾಸಿನಲ್ಲಿ ದೋಣಿಗಳು ಕಿಕ್ಕಿರಿದಿರುತ್ತವೆ. ಓಹಾಯೋದಲ್ಲಿ ಈರೀ ಸರೋವರದಿಂದ ಮೊಟ್ಟೆಯಿಡಲು ಮೌಮೀ ಮತ್ತು ಸ್ಯಾಂಡಸ್ಕಿ ನದಿಗಳಿಗೆ ವಾಲೈ ಏರಿ ಬರುತ್ತದೆ. ಅಲ್ಲಿ ಆ ಕಾಲದಲ್ಲಿ ಒಂಟಿ ಕೊಕ್ಕೆಯ ಗಾಳ ಮಾತ್ರ ಬಳಸಬೇಕು, ಕೊಕ್ಕೆ ಬಾಯೊಳಗೆ ಸಿಕ್ಕದೆ ಬೆನ್ನಿಗೋ ಹೊಟ್ಟೆಗೋ ಸಿಕ್ಕಿಕೊಂಡ ಮೀನನ್ನು ಬಿಟ್ಟುಬಿಡಬೇಕು. ಎಷ್ಟು ಮೀನು, ಎಷ್ಟು ಇಂಚಿನದು ಇಟ್ಟುಕೊಳ್ಳಬಹುದು ಎಂಬ ಮಿತಿ ರಾಜ್ಯದಿಂದ ರಾಜ್ಯಕ್ಕೆ, ಕೆಲವೊಮ್ಮೆ ಸರೋವರದಿಂದ ಸರೋವರಕ್ಕೆ ಬೇರೆಯಾಗುತ್ತದೆ, ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ. ಲೈಸೆನ್ಸ್ ಮಾಡಿಸುವಾಗಲೇ ಆ ವರ್ಷದ ನಿಯಮ ಪುಸ್ತಕವನ್ನು ಓದಿಕೊಳ್ಳಬೇಕು.

ಜಿಗ್: ಒಂದೇ ಸಾಧನ ಒಯ್ಯಬೇಕೆಂದರೆ ಇದನ್ನೇ

ಕೋಲು ಆರೂವರೆಯಿಂದ ಏಳು ಅಡಿಯ, ತುದಿ ಬೇಗ ಬಾಗುವ, ಹಗುರವಾದ ಸ್ಪಿನ್ನಿಂಗ್ ರಾಡ್ ಇರಲಿ. ಹತ್ತು ಪೌಂಡು ಭಾರ ತಾಳುವ ಹೆಣೆದ ದಾರಕ್ಕೆ ಎಂಟು ಪೌಂಡು ತಾಳುವ ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ ದಾರವನ್ನು ಮೂರು ನಾಲ್ಕು ಅಡಿ ಸೇರಿಸಿ ಕಟ್ಟಿದರೆ ಸಾಕು. ಹೆಣೆದ ದಾರ ಹಿಗ್ಗುವುದಿಲ್ಲವಾದ್ದರಿಂದ ತಳದ ಕಲ್ಲು, ಕೆಸರು, ಮೀನು, ಮೂರೂ ಬೇರೆಬೇರೆಯಾಗಿ ಬೆರಳಿಗೆ ತಿಳಿಯುತ್ತವೆ.

ಜಿಗ್ ಎಂದರೆ ಕೊಕ್ಕೆಯ ಕುತ್ತಿಗೆಗೆ ಲೋಹದ ಗುಂಡು ಎರಕ ಹೊಯ್ದ ಸರಳ ಗಾಳ. ಎಷ್ಟು ತೂಕದ್ದು ಬೇಕು ಎಂಬುದಕ್ಕೆ ನಾನು ಅನುಸರಿಸುವ ನಿಯಮ ಒಂದೇ: ತಳ ಮುಟ್ಟಿದ್ದು ಕೈಗೆ ತಿಳಿಯುವಷ್ಟು ಭಾರವಿರಬೇಕು, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚಿರಬಾರದು. ಹತ್ತು ಅಡಿಯೊಳಗಿನ ನಿಂತ ನೀರಿಗೆ 1/8 ಔನ್ಸ್, ಇಪ್ಪತ್ತು ಅಡಿಯವರೆಗೆ 1/4 ಔನ್ಸ್ ಸಾಮಾನ್ಯವಾಗಿ ಸಾಕಾಗುತ್ತದೆ; ಗಾಳಿ ಅಥವಾ ಸೆಳವು ಹೆಚ್ಚಿದ್ದರೆ 3/8 ಔನ್ಸಿಗೆ ಹೋಗಬೇಕಾಗುತ್ತದೆ. ಗುಂಡು ಸೀಸದ್ದಾಗಿದ್ದರೆ ಒಂದು ಮಾತು. ಕಳಚಿಬಿದ್ದ ಸೀಸವನ್ನು ನುಂಗಿ ಲೂನ್ ಎಂಬ ನೀರುಹಕ್ಕಿಗಳು ಸಾಯುವುದರಿಂದ ಕೆಲವು ರಾಜ್ಯಗಳು ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿವೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1 ಔನ್ಸ್ ಮತ್ತು ಅದಕ್ಕಿಂತ ಹಗುರವಾದ ಸೀಸದ ಜಿಗ್ ಬಳಸುವಂತಿಲ್ಲ. ಟಂಗ್‌ಸ್ಟನ್ ಜಿಗ್ ದುಬಾರಿಯಾದರೂ ಅದೇ ತೂಕಕ್ಕೆ ಗಾತ್ರದಲ್ಲಿ ಚಿಕ್ಕದು, ತಳದ ಸುಳಿವನ್ನೂ ಚೆನ್ನಾಗಿ ಕೊಡುತ್ತದೆ.

ತಣ್ಣನೆಯ ನೀರಿನಲ್ಲಿ ಜಿಗ್‌ಗೆ ಮಿನ್ನೋ ಎಂಬ ಪುಟ್ಟ ಮೀನನ್ನು ಜೀವಂತವಾಗಿ ಸಿಕ್ಕಿಸುವುದಕ್ಕಿಂತ ಮೇಲಾದ ಎರೆಯಿಲ್ಲ. ಫ್ಯಾಟ್‌ಹೆಡ್ ಮಿನ್ನೋ ಗಟ್ಟಿ ಜೀವ, ಬಕೆಟ್ಟಿನಲ್ಲಿ ಬಹಳ ಹೊತ್ತು ಬದುಕುತ್ತದೆ. ಸ್ಪಾಟ್‌ಟೇಲ್ ಶೈನರ್ ಎಂಬ ಇನ್ನೊಂದು ಬಗೆಯ ಮಿನ್ನೋ ನಾಜೂಕು, ಬೇಗ ಸಾಯುತ್ತದೆ, ಬೆಲೆಯೂ ಹೆಚ್ಚು, ಆದರೆ ಮಿನ್ನೆಸೋಟದಲ್ಲಿ ಋತು ತೆರೆಯುವ ವಾರ ಜನ ಅದಕ್ಕೇ ಮುಗಿಬೀಳುತ್ತಾರೆ. ಸಿಕ್ಕಿಸುವ ಬಗೆಯನ್ನು ಸರಿಯಾಗಿ ಕಲಿಯಬೇಕು. ಎಡಗೈಯ ಎರಡು ಬೆರಳಲ್ಲಿ ಮಿನ್ನೋವನ್ನು ಮೆಲ್ಲಗೆ ಹಿಡಿದು, ಕೊಕ್ಕೆಯ ಮೊನೆಯನ್ನು ಅದರ ತೆರೆದ ಬಾಯೊಳಗೆ ತೂರಿಸಿ, ತಲೆಯ ಹಿಂದೆ ಬೆನ್ನಿನ ನಡುಗೆರೆಯಲ್ಲಿ ಹೊರಗೆ ತೆಗೆಯಬೇಕು. ಆಮೇಲೆ ಮೀನಿನ ಮೂತಿ ಗುಂಡಿಗೆ ತಾಗುವವರೆಗೆ ಮೇಲೆ ಸರಿಸಿ, ಅದು ಕೊಕ್ಕೆಯ ನೇರಕ್ಕೆ ಕೂತಿದೆಯೇ ಎಂದು ದೋಣಿಯ ಪಕ್ಕದ ನೀರಿನಲ್ಲಿ ಎಳೆದು ನೋಡಬೇಕು. ಓರೆಯಾಗಿ ಕೂತ ಮಿನ್ನೋ ನೀರಿನಲ್ಲಿ ಗಿರಗಿರನೆ ತಿರುಗುತ್ತದೆ, ದಾರ ಹುರಿಗೊಂಡು ಗಂಟಾಗುತ್ತದೆ, ವಾಲೈ ಹತ್ತಿರ ಸುಳಿಯುವುದಿಲ್ಲ.

ಇನ್ನು ಆಡಿಸುವುದು. ನನ್ನ ಮೊದಲ ವಸಂತದಲ್ಲಿ ಇಡೀ ಒಂದು ಸಂಜೆ ನನಗೆ ಒಂದು ಮೀನೂ ಕಚ್ಚಲಿಲ್ಲ ಎಂದೇ ನಂಬಿದ್ದೆ. ಕತ್ತಲಾದ ಮೇಲೆ ಹೊರಡುವಾಗ ಟಾರ್ಚ್ ಹಿಡಿದು ಮಿನ್ನೋವನ್ನು ನೋಡಿದರೆ ಅದರ ಎರಡೂ ಪಕ್ಕದಲ್ಲಿ ಸೂಜಿಯಿಂದ ಗೀಚಿದಂತೆ ಹಲ್ಲಿನ ಗೆರೆಗಳಿದ್ದವು, ಹುರುಪೆ ಉದುರಿಹೋಗಿತ್ತು. ಮೀನು ಕಚ್ಚಿತ್ತು, ಬಿಟ್ಟೂ ಇತ್ತು, ನನಗೆ ತಿಳಿದೇ ಇರಲಿಲ್ಲ. ಆಗ ನಾನು ಜಿಗ್‌ ಅನ್ನು ಒಂದೂವರೆ ಎರಡು ಅಡಿ ಎತ್ತಿ ದಾರ ಸಡಿಲ ಬಿಟ್ಟು ಬೀಳಿಸುತ್ತಿದ್ದೆ. ವಾಲೈ ಕಚ್ಚುವುದು ಹೆಚ್ಚಾಗಿ ಜಿಗ್ ಇಳಿಯುವಾಗ. ಬಾಯಿ ತೆರೆದು ನೀರಿನೊಂದಿಗೆ ಒಳಗೆಳೆದುಕೊಳ್ಳುತ್ತದೆ, ಸರಿಯೆನಿಸದಿದ್ದರೆ ಅಷ್ಟೇ ಬೇಗ ಉಗುಳುತ್ತದೆ. ದಾರ ಸಡಿಲವಿದ್ದರೆ ಈ ನಡುವಿನ ಕ್ಷಣ ನಮ್ಮ ಕೈಗೆ ಬರುವುದೇ ಇಲ್ಲ.

ಸರಿಯಾದ ಕ್ರಮ ಹೀಗೆ. ಎಸೆದ ಮೇಲೆ ಜಿಗ್ ತಳ ಮುಟ್ಟುವವರೆಗೆ ಕಾಯಿರಿ. ಮುಟ್ಟಿದಾಗ ಬಿಗಿಯಿದ್ದ ದಾರ ತಟ್ಟನೆ ಜೋಲುತ್ತದೆ. ಜೋಲನ್ನು ಸುತ್ತಿಕೊಂಡು ಕೋಲಿನ ತುದಿಯನ್ನು ಅರ್ಧ ಅಡಿಯಷ್ಟು ಮಾತ್ರ ಮೆಲ್ಲಗೆ ಎತ್ತಿ, ಜಿಗ್ ಮತ್ತೆ ಇಳಿಯುವಾಗ ಕೋಲಿನ ತುದಿಯನ್ನೂ ಅದರ ಜೊತೆಗೇ ಇಳಿಸಿ, ದಾರ ಪೂರ್ತಿ ಬಿಗಿಯೂ ಅಲ್ಲದೆ ಪೂರ್ತಿ ಸಡಿಲವೂ ಅಲ್ಲದೆ ಇರುವಂತೆ ನೋಡಿಕೊಳ್ಳಿ. ತಳ ಮುಟ್ಟಿದ ಮೇಲೆ ಎರಡು ಮೂರು ಸೆಕೆಂಡು ಸುಮ್ಮನೆ ಬಿಡಿ. 45 ಡಿಗ್ರಿಗಿಂತ ತಣ್ಣನೆಯ ನೀರಿನಲ್ಲಿ ಎತ್ತುವುದನ್ನೂ ಬಿಟ್ಟು ಬರೇ ತಳದ ಮೇಲೆ ಎಳೆದುಕೊಂಡು ಬಂದರೂ ಸಾಕು. ಕಚ್ಚಿದ್ದು ಒಮ್ಮೊಮ್ಮೆ ‘ಟಕ್’ ಎಂದು ಬೆರಳಿಗೆ ಬಡಿಯುತ್ತದೆ. ಹೆಚ್ಚು ಸಲ ಹಾಗೇನೂ ಆಗುವುದಿಲ್ಲ, ನೀರಿಗಿಳಿದ ದಾರ ಒಂದಿಂಚು ಪಕ್ಕಕ್ಕೆ ಸರಿಯುತ್ತದೆ, ಅಥವಾ ಇಳಿಯಬೇಕಾದ ಜಿಗ್ ನಡುವೆಯೇ ನಿಲ್ಲುತ್ತದೆ, ಅಥವಾ ಎತ್ತುವಾಗ ಒದ್ದೆ ಬಟ್ಟೆ ಸಿಕ್ಕಿಕೊಂಡಂತೆ ಭಾರವೆನಿಸುತ್ತದೆ. ಸಂಶಯ ಬಂದ ಕೂಡಲೇ ಮಣಿಕಟ್ಟಿನಿಂದ ಕೋಲನ್ನು ಚುರುಕಾಗಿ ಮೇಲಕ್ಕೆ ಎತ್ತಬೇಕು. ಎತ್ತಿದ್ದು ಕಲ್ಲಿಗೆ ಸಿಕ್ಕಿದ್ದಾದರೆ ನಷ್ಟವೇನಿಲ್ಲ.

ಕಚ್ಚಿಯೂ ಸಿಗದೆ ಹೋಗುವುದು ಪದೇ ಪದೇ ಆದರೆ ಮಿನ್ನೋವಿನ ಬಾಲದ ಬಳಿಗೆ ಬರುವಂತೆ ಒಂದು ಪುಟ್ಟ ಮೂರುಮೊನೆಯ ಕೊಕ್ಕೆಯನ್ನು ಗಿಡ್ಡ ದಾರದಲ್ಲಿ ಜಿಗ್‌ಗೆ ಸೇರಿಸುತ್ತಾರೆ. ಇದನ್ನು ಸ್ಟಿಂಗರ್ ಎನ್ನುತ್ತಾರೆ. ಒಂಟಿ ಕೊಕ್ಕೆಯ ನಿಯಮವಿರುವ ನೀರಿನಲ್ಲಿ ಇದನ್ನು ಬಳಸುವಂತಿಲ್ಲ. ನನಗೆ ಇದು ಅಷ್ಟು ಇಷ್ಟವಲ್ಲ, ತಳದಲ್ಲಿ ಬಹಳ ಸಿಕ್ಕಿಕೊಳ್ಳುತ್ತದೆ. ಚಿಕ್ಕ ಮಿನ್ನೋ ಹಾಕಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ನೀರು 50 ದಾಟಿದರೆ ಮಿನ್ನೋವಿನ ಜಾಗಕ್ಕೆ ಮೂರು ನಾಲ್ಕಿಂಚಿನ ಮೆತ್ತನೆಯ ಪ್ಲಾಸ್ಟಿಕ್ ಎರೆ ಹಾಕಬಹುದು. ಬಾಲ ಬಡಿಯುವ ಪ್ಯಾಡಲ್‌ಟೇಲ್ ಮತ್ತು ಸುರುಳಿ ಬಾಲದ ಟ್ವಿಸ್ಟರ್ ಎರಡೂ ನಡೆಯುತ್ತವೆ. ಇವುಗಳನ್ನು ಮಿನ್ನೋವಿಗಿಂತ ತುಸು ಚುರುಕಾಗಿ ಆಡಿಸಬೇಕು, ಯಾಕೆಂದರೆ ಇವಕ್ಕೆ ವಾಸನೆಯಿಲ್ಲ, ಚಲನೆಯೊಂದೇ ಆಕರ್ಷಣೆ. ಬಣ್ಣದ ಮಾತು ಇಲ್ಲಿ ಬರುತ್ತದೆ: ಕದಡಿದ ನೀರಿಗೆ ಹಳದಿ ಹಸಿರಿನ ಶಾರ್ಟ್ರೂಸ್, ಕಿತ್ತಳೆ, ಗುಲಾಬಿ, ತಿಳಿನೀರಿಗೆ ಬಿಳಿ, ಬೆಳ್ಳಿ, ಸಣ್ಣ ಮೀನಿನ ಸಹಜ ಬಣ್ಣ. ಇಪ್ಪತ್ತು ನಿಮಿಷದಲ್ಲಿ ಕಚ್ಚದಿದ್ದರೆ ಬಣ್ಣ ಬದಲಿಸುವ ಮೊದಲು ಜಾಗ ಬದಲಿಸಿ.

ನದಿಯಲ್ಲಿ

ವಸಂತದ ನದಿ ತುಂಬಿ ಹರಿಯುತ್ತದೆ. ಆ ಸೆಳವಿಗೆ ಎದುರಾಗಿ ಈಜುತ್ತಾ ಶಕ್ತಿ ಕಳೆದುಕೊಳ್ಳಲು ವಾಲೈ ಸಿದ್ಧವಿರುವುದಿಲ್ಲ. ವೇಗದ ನೀರೂ ನಿಧಾನದ ನೀರೂ ಕೂಡುವ ಅಂಚು, ಬಂಡೆಯ ಹಿಂದಿನ ಸುಳಿ, ದಡದಿಂದ ಚಾಚಿದ ಕಲ್ಲುಗಟ್ಟೆಯ ಮರೆ, ಇಂಥಲ್ಲಿ ನಿಂತು ಸೆಳವು ತಂದುಕೊಡುವುದನ್ನು ತಿನ್ನುತ್ತದೆ. ನೀರಿನ ಮೇಲೆ ನೊರೆ, ಕಸಕಡ್ಡಿ ಗೆರೆ ಎಳೆದಂತೆ ಸಾಗುತ್ತಿದ್ದರೆ ಅದೇ ಆ ಅಂಚು.

ದೋಣಿಯಲ್ಲಿರುವವರು ಟ್ರೋಲಿಂಗ್ ಮೋಟಾರ್ ಎಂಬ ಚಿಕ್ಕ ವಿದ್ಯುತ್ ಮೋಟಾರಿನಿಂದ ದೋಣಿಯನ್ನು ಸೆಳವಿನ ವೇಗಕ್ಕೇ ಸರಿಹೊಂದಿಸಿ ಕೆಳಗೆ ತೇಲಿಬಿಡುತ್ತಾರೆ. ಜಿಗ್ ದೋಣಿಯ ನೇರ ಕೆಳಗಿರಬೇಕು. ದಾರ ಓರೆಯಾಯಿತೆಂದರೆ ದೋಣಿ ಒಂದು ವೇಗದಲ್ಲಿ, ನೀರು ಇನ್ನೊಂದು ವೇಗದಲ್ಲಿ ಹೋಗುತ್ತಿದೆ ಎಂದರ್ಥ. ಮೌಮೀಯಂಥ ನದಿಗಳಲ್ಲಿ ನೀರಿಗಿಳಿದು ನಿಂತು ಹಿಡಿಯುವವರ ಬಗೆ ಬೇರೆ. ದಾರಕ್ಕೆ ಪೋಣಿಸಿದ ಗುಂಡು, ಅದರ ಕೆಳಗೆ ಸ್ವಿವೆಲ್ ಎಂಬ ತಿರುಗುವ ಕೊಂಡಿ, ಅಲ್ಲಿಂದ ಎರಡು ಮೂರು ಅಡಿ ದಾರ, ಅದರ ತುದಿಗೆ ತೇಲುವ ಜಿಗ್ ತಲೆ, ಅದಕ್ಕೆ ಟ್ವಿಸ್ಟರ್ ಬಾಲ. ಸೆಳವಿಗೆ ಅಡ್ಡಲಾಗಿ, ಸ್ವಲ್ಪ ಮೇಲ್ದಿಕ್ಕಿಗೆ ಎಸೆದರೆ ಗುಂಡು ತಳದಲ್ಲಿ ಟಕಟಕನೆ ಉರುಳುತ್ತಾ ಬರುತ್ತದೆ, ಎರೆ ಕಲ್ಲಿಗೆ ಸಿಕ್ಕದೆ ಒಂದಡಿ ಮೇಲೆ ತೇಲುತ್ತದೆ. ಟಕಟಕ ನಿಂತರೆ ಗುಂಡು ಭಾರ ಹೆಚ್ಚಾಯಿತು. ಟಕಟಕ ಕೇಳಿಸದೇ ಇದ್ದರೆ ಕಡಿಮೆಯಾಯಿತು.

ಈ ನೀರು ಮೀನಿಗೆ ತಕ್ಕಷ್ಟು ಬೆಚ್ಚಗಿದ್ದರೂ ಮನುಷ್ಯನಿಗೆ ಅಪಾಯಕಾರಿ. 45 ಡಿಗ್ರಿ ನೀರಿಗೆ ಬಿದ್ದವರ ಕೈಕಾಲು ಕೆಲವೇ ನಿಮಿಷಗಳಲ್ಲಿ ಮಾತು ಕೇಳುವುದಿಲ್ಲ. ನೀರಿಗಿಳಿಯುವವರು ವೇಡರ್ಸ್ ಎಂಬ ನೀರು ನುಗ್ಗದ ಉಡುಪಿನ ಮೇಲೆ ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಊರುಗೋಲು ಹಿಡಿದಿರಬೇಕು. ದೋಣಿಯಲ್ಲಿರುವವರು ಲೈಫ್ ಜಾಕೆಟ್ ತೊಟ್ಟಿರಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ 21 ಅಡಿಗಿಂತ ಚಿಕ್ಕ ದೋಣಿಯವರಿಗೆ ನವೆಂಬರ್ 1ರಿಂದ ಮೇ 1ರವರೆಗೆ ಇದು ಕಡ್ಡಾಯ.

ಕತ್ತಲಾದ ಮೇಲೆ, ಮತ್ತು ನೀರು ಬೆಚ್ಚಗಾದ ಮೇಲೆ

ರಾತ್ರಿ ಹಿಡಿಯಲು ಅನುಮತಿಯಿರುವ ಸರೋವರಗಳಲ್ಲಿ ದೋಣಿಯ ಹಂಗೇ ಬೇಡ. ಸೂರ್ಯ ಮುಳುಗಿದ ಮೇಲೆ ವಾಲೈ ಮೂರು ನಾಲ್ಕಡಿ ನೀರಿಗೆ, ದಡದಿಂದ ಎಸೆಯುವಷ್ಟು ಹತ್ತಿರಕ್ಕೆ ಬರುತ್ತದೆ. ಆಗ ಬೇಕಾದದ್ದು ಮೀನಿನಾಕಾರದ ಉದ್ದ ತೆಳ್ಳನೆಯ ಎರೆ. ಫಿನ್‌ಲೆಂಡಿನ ಲೌರಿ ರಪಾಲ 1936ರಲ್ಲಿ ಕೈಯಾರೆ ಕೆತ್ತಿದ ತೇಲುವ ಎರೆಯ ವಂಶದವು ಇವೆಲ್ಲ. ನಾಲ್ಕರಿಂದ ಐದು ಇಂಚಿನದನ್ನು ಎಸೆದು, ಅದರ ಅಲುಗಾಟ ಕೋಲಿನ ತುದಿಯಲ್ಲಿ ತಿಳಿಯುವಷ್ಟೇ ನಿಧಾನವಾಗಿ ಸುತ್ತಬೇಕು. ನಾಲ್ಕೈದು ಸುತ್ತಿಗೊಮ್ಮೆ ನಿಲ್ಲಿಸಬೇಕು. ಕಚ್ಚುವುದು ಆ ನಿಲುಗಡೆಯಲ್ಲಿ. ನೀರಿನ ಮೇಲೆ ಟಾರ್ಚ್ ಆಡಿಸುವುದು, ಕಲ್ಲಿನ ಮೇಲೆ ದಡಬಡ ನಡೆಯುವುದು ಮೀನನ್ನು ಅಟ್ಟುತ್ತದೆ.

ಮೇ ಕೊನೆಯ ಹೊತ್ತಿಗೆ, ನೀರು 55 ಡಿಗ್ರಿ ದಾಟಿದಾಗ, ಹೊಸ ನೀರ್ಗಿಡಗಳು ಮೊಳೆಯುವ ಜಾಗಗಳ ಹೊರ ಅಂಚಿಗೆ ಮೀನು ಹೋಗುತ್ತದೆ. ಎರೆಯೂ ಮಿನ್ನೋವಿನಿಂದ ಜಿಗಣೆಗೆ, ದಪ್ಪ ಎರೆಹುಳುವಿಗೆ ಬದಲಾಗುತ್ತದೆ. ಮಿನ್ನೆಸೋಟದ ಬ್ರೇನರ್ಡ್‌ನ ರಾನ್ ಮತ್ತು ಆಲ್ ಲಿಂಡ್ನರ್ ಸಹೋದರರು 1960ರ ದಶಕದ ಕೊನೆಯಲ್ಲಿ ಜನಪ್ರಿಯಗೊಳಿಸಿದ ಲಿಂಡಿ ರಿಗ್ ಇದಕ್ಕೆ ಹೇಳಿಮಾಡಿಸಿದ್ದು: ಪಾದದಾಕಾರದ ಗುಂಡು ದಾರದ ಮೇಲೆ ಸಲೀಸಾಗಿ ಜಾರುತ್ತದೆ, ಆದ್ದರಿಂದ ಎರೆ ಕಚ್ಚಿದ ಮೀನಿಗೆ ಭಾರ ತಿಳಿಯುವುದಿಲ್ಲ. ಕಚ್ಚಿದ್ದು ತಿಳಿದೊಡನೆ ದಾರ ಬಿಟ್ಟುಕೊಟ್ಟು, ಐದಾರು ಎಣಿಸಿ, ಜೋಲು ಸುತ್ತಿಕೊಂಡು ಎತ್ತಬೇಕು. ಗಾಳಿ ಬಲವಾಗಿ ಬೀಸುವ ಕಲ್ಲುದಿಬ್ಬದ ಮೇಲಾದರೆ ಜಾರುವ ಬೆಂಡಿನ ಕೆಳಗೆ ಜಿಗಣೆಯನ್ನು ಹೀರುಬಾಯಿಯ ಬಳಿ ಒಮ್ಮೆ ಮಾತ್ರ ಚುಚ್ಚಿ, ತಳದಿಂದ ಒಂದಡಿ ಮೇಲೆ ನಿಲ್ಲಿಸಿ. ಅಲೆಯೇ ಅದನ್ನು ಆಡಿಸುತ್ತದೆ.

ಸಿಕ್ಕ ಮೀನನ್ನು ಕೆಳದುಟಿಯಲ್ಲಿ ಹೆಬ್ಬೆರಳಿಟ್ಟು ಎತ್ತಬೇಡಿ. ಹಲ್ಲು ಸೂಜಿಯಂತಿರುತ್ತದೆ, ಕಿವಿರಿನ ಮುಚ್ಚಳದ ಅಂಚೂ ಬ್ಲೇಡಿನಷ್ಟು ಹರಿತ. ಬಲೆಯಲ್ಲಿ ಎತ್ತಿ, ಒದ್ದೆ ಕೈಯಿಂದ ತಲೆಯ ಹಿಂದೆ ಬೆನ್ನಿನ ಮೇಲಿನಿಂದ ಹಿಡಿದು, ಉದ್ದ ಮೂತಿಯ ಇಕ್ಕಳದಿಂದ ಕೊಕ್ಕೆ ಬಿಡಿಸಬೇಕು. ಬಾಲದ ಕೆಳತುದಿ ಬೆಳ್ಳಗಿದ್ದು, ಬೆನ್ನಿನ ಮುಳ್ಳುರೆಕ್ಕೆಯ ಹಿಂಬುಡದಲ್ಲಿ ಕಪ್ಪು ಮಚ್ಚೆಯಿದ್ದರೆ ವಾಲೈ. ರೆಕ್ಕೆಯ ತುಂಬ ಸಾಲುಸಾಲು ಚುಕ್ಕೆಗಳಿದ್ದರೆ ಅದು ಸಾಗರ್ ಎಂಬ ಸೋದರ ಜಾತಿ. ಇಪ್ಪತ್ತೆರಡು ಇಂಚು ದಾಟಿದವು ಬಹುತೇಕ ಹೆಣ್ಣು, ಒಂದೊಂದರಲ್ಲೂ ಲಕ್ಷಕ್ಕೂ ಮೀರಿ ಮೊಟ್ಟೆಗಳಿರಬಹುದು. ನಿಯಮ ಅನುಮತಿಸಿದರೂ ನಾನು ಅವುಗಳನ್ನು ಬಿಡುತ್ತೇನೆ. ತಿನ್ನಲು ಹದಿನೈದು ಹದಿನಾರು ಇಂಚಿನದೇ ರುಚಿ.

ಮರಳುವಾಗ ದೋಣಿಯ ತಳದ ಬಿರಡೆ ತೆಗೆದು ನೀರೆಲ್ಲ ಬಸಿದು, ಟ್ರೇಲರ್‌ಗೆ ಅಂಟಿದ ಪಾಚಿಯನ್ನು ಕಿತ್ತು ಹಾಕಬೇಕು. ಮಿನ್ನೆಸೋಟದಲ್ಲಿ ಬಿರಡೆ ತೆಗೆದೇ ದೋಣಿ ಸಾಗಿಸಬೇಕೆಂಬುದು ಕಾನೂನು. ಉಳಿದ ಮಿನ್ನೋಗಳನ್ನು ಮರುದಿನಕ್ಕೆ ಇಟ್ಟುಕೊಳ್ಳುವುದಾದರೆ ಬಕೆಟ್ಟಿನ ಸರೋವರದ ನೀರನ್ನು ದಡದಲ್ಲೇ ಚೆಲ್ಲಿ, ಮನೆಯಿಂದ ತಂದ ಕ್ಲೋರಿನ್ ಇಲ್ಲದ ನೀರು ತುಂಬಿಕೊಳ್ಳಬೇಕು.